ಎಳೆ ಮುಗಿಯುವವರೆಗೆ

ಜನವರಿ ೯

ಅಜ್ಜಿ,

ಫೋನ್ ಮಾಡಿದರೆ ನೀನು ನನ್ನ ಮಾತಿಗೆಲ್ಲ "ಹೂಂ, ಹೂಂ" ಎಂದು ಒಪ್ಪಿಕೊಂಡು ಕೊನೆಗೆ "ಅಂದ ಹಾಗೆ ಯಾರು ಮಾತಾಡ್ತಿರೋದು?" ಎಂದು ಕೇಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಪರೀಕ್ಷೆ ಮಾರ್ಚ್ ಹದಿನಾಲ್ಕಕ್ಕೆ. ಹೋದ ವರ್ಷ ಮೂರು ಅಂಕದಲ್ಲಿ ಹೋಯಿತು. ಈ ಸಲವೂ ಹೋದರೆ ಔಷಧಿ ಅಂಗಡಿಯಲ್ಲಿ ಡಬ್ಬಿಗಳ ಧೂಳು ಒರೆಸುವುದೇ ಗಟ್ಟಿ, ಚೀಟಿ ಓದಿ ಔಷಧಿ ಕೊಡುವ ಕೆಲಸ ಕನಸಿನ ಮಾತು. ಮಧ್ಯಾಹ್ನದ ಮೇಲೆ ಅಂಗಡಿ, ಬೆಳಿಗ್ಗೆಯೆಲ್ಲ ಓದು. ಓದು ಎಂದರೆ ಪುಸ್ತಕದ ಮುಂದೆ ಕೂರುವುದು, ಅಷ್ಟೇ. ನಿನ್ನೆ ಒಂದೇ ಪುಟವನ್ನು ಹನ್ನೊಂದು ಸಲ ಓದಿದೆ. ಹನ್ನೊಂದನೆಯ ಸಲವೂ ಅದು ಹೊಸ ಪುಟವೇ ಆಗಿತ್ತು. ಕೆಳಗಡೆ ಬಡಗಿಯ ಮಿಷನ್ನು ಕಿರ್ರೆನ್ನುತ್ತದೆ. ಫೋನು ಮಿನುಗುತ್ತದೆ. ಅಮ್ಮ ಬಂದು "ಚಹಾ ಬೇಕಾ?" ಎನ್ನುತ್ತಾಳೆ, ಸ್ವಲ್ಪ ಹೊತ್ತು ಬಿಟ್ಟು "ಕುಡಿದ್ಯಾ?" ಎನ್ನುತ್ತಾಳೆ, ಆಮೇಲೆ "ಲೋಟ ಕೊಡು" ಎಂದು ಬರುತ್ತಾಳೆ. ನನಗೆ ಅಡುಗೆ ಮಾಡಿ ಹಾಕಲೆಂದೇ ಇಷ್ಟು ದೂರ ಬಂದು ಕೂತವಳನ್ನು ಬೈಯುವುದಾದರೂ ಹೇಗೆ?

ನೀನು ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ಅಷ್ಟು ಸದ್ದಿನ ನಡುವೆ ಕೂತು, ಬಟ್ಟೆಯ ತೂತಿಗೆ ಎಳೆ ಸೇರಿಸಿ ಕಣ್ಣಿಗೆ ಕಾಣದ ಹಾಗೆ ರಫೂ ಹಾಕುತ್ತಿದ್ದೆಯಂತಲ್ಲ. ಮನಸ್ಸನ್ನು ಹೇಗೆ ಹಿಡಿದು ಕೂರಿಸುತ್ತಿದ್ದೆ? ಗುಟ್ಟು ಇದ್ದರೆ ಬರೆದು ಕಳಿಸು. ಬೈಗುಳ ಬೇಡ, ಗುಟ್ಟು ಮಾತ್ರ.

ನಿನ್ನ ಮೊಮ್ಮಗಳು


ಜನವರಿ ೧೭

ಮೊಮ್ಮಗಳಿಗೆ,

ಬೈಗುಳ ಬೇಡ, ಗುಟ್ಟು ಸಾಕು ಎಂದಿದ್ದೀಯ. ನನ್ನ ಹತ್ತಿರ ಎರಡೂ ಒಂದೇ ಡಬ್ಬಿಯಲ್ಲಿವೆ. ಬೇರೆ ಮಾಡಿ ಕೊಡಲು ನನಗೆ ಪುರುಸೊತ್ತಿಲ್ಲ.

ನಾನು ಓದಿದ್ದು ನಾಲ್ಕನೆಯ ತರಗತಿ. ಅದರಲ್ಲೂ ಅರ್ಧ ವರ್ಷ ಮೇಷ್ಟರೇ ಬರುತ್ತಿರಲಿಲ್ಲ. ಅಂಥವಳ ಹತ್ತಿರ ಓದುವ ಉಪಾಯ ಕೇಳುತ್ತೀಯ ಎಂದರೆ ನಿನ್ನ ಗತಿ ನೆಟ್ಟಗಿಲ್ಲ ಎಂದು ಅರ್ಥ. ಇರಲಿ.

ಮೊದಲು ಆ ಫೋನು. ಬಟ್ಟೆಯಲ್ಲಿ ಸುತ್ತಿ ಹಿಟ್ಟಿನ ಡಬ್ಬಿಯ ಹಿಂದೆ ಇಡು. ಬೆಳಿಗ್ಗೆ ಒಂಬತ್ತು ಗಂಟೆಗೆ ನಿನ್ನನ್ನು ಯಾವ ರಾಜನೂ ಕರೆಯುವುದಿಲ್ಲ. ಮೇಜನ್ನು ಕಿಟಕಿಯ ಹತ್ತಿರದಿಂದ ಎಳೆದು ಗೋಡೆಗೆ ಒತ್ತಿ ಇಡು. ಕಿಟಕಿ ಇರುವುದು ಗಾಳಿ ಬರಲಿಕ್ಕೆ, ಬಡಗಿ ಯಾರ ಜೊತೆ ಜಗಳ ಆಡುತ್ತಿದ್ದಾನೆ ಎಂದು ನೀನು ನೋಡಲಿಕ್ಕಲ್ಲ. ದಿನಾ ಅದೇ ಹೊತ್ತಿಗೆ ಅದೇ ಕುರ್ಚಿ. ಕತ್ತೆಯೂ ನಾಲ್ಕು ದಿನ ಅದೇ ದಾರಿಯಲ್ಲಿ ಹೋದರೆ ಐದನೆಯ ದಿನ ತಾನಾಗಿ ನಡೆಯುತ್ತದೆ. ನಿನ್ನ ಮನಸ್ಸಿಗೆ ಹತ್ತು ದಿನ ಹಿಡಿಯಬಹುದು. ಓದುವಾಗ ಬೇರೆ ಏನಾದರೂ ನೆನಪಾದರೆ, ಅಂಗಡಿಯವನಿಗೆ ಏನೋ ಹೇಳಬೇಕು, ಯಾರಿಗೋ ಏನೋ ಕೊಡಬೇಕು ಎಂದೆಲ್ಲ, ಒಂದು ಚೀಟಿಯಲ್ಲಿ ಗೀಚಿ ಕತ್ತರಿಯ ಕೆಳಗೆ ಇಟ್ಟುಬಿಡು. ನಾವು ಹಾಗೇ ಮಾಡುತ್ತಿದ್ದೆವು. ಬರೆಯಲು ಬಾರದವರು ಒಂದು ಗುಂಡಿ ಇಡುತ್ತಿದ್ದರು. ಸಂಜೆ ಹೊತ್ತಿಗೆ ಯಾವ ಗುಂಡಿ ಯಾವ ಚಿಂತೆ ಎಂದು ಅವರಿಗೇ ಮರೆತಿರುತ್ತಿತ್ತು, ಚಿಂತೆಯೂ ಹೋಗಿರುತ್ತಿತ್ತು.

ಇನ್ನು ಗುಟ್ಟು. ಇಡೀ ಥಾನನ್ನು ನೋಡಬಾರದು. ನೋಡಿದರೆ ಎದೆ ಒಡೆಯುತ್ತದೆ, ಇಷ್ಟು ಉದ್ದ ಬಟ್ಟೆ, ಇಷ್ಟು ತೂತು, ಯಾವಾಗ ಮುಗಿಯುವುದು ಎಂದು. ಸೂಜಿಯಲ್ಲಿರುವ ಎಳೆಯನ್ನು ನೋಡಬೇಕು. ಒಂದು ಎಳೆ ಎಂದರೆ ಒಂದು ಮೊಳ. ಅದು ಮುಗಿಯುವವರೆಗೆ ತಲೆ ಎತ್ತಬಾರದು. ಮುಗಿದ ಮೇಲೆ ತಲೆ ಎತ್ತು, ನೀರು ಕುಡಿ, ಬೈಯಬೇಕಾದವರನ್ನು ಬೈದು ಮುಗಿಸು, ಆಮೇಲೆ ಇನ್ನೊಂದು ಎಳೆ. ನಿನ್ನ ಪುಸ್ತಕವನ್ನು ಹಾಗೇ ಕತ್ತರಿಸಿಕೋ. ನಾಲ್ಕು ಹಾಳೆಗೆ ಒಂದು ಎಳೆ. ಪೆನ್ಸಿಲಿನಲ್ಲಿ ಗೆರೆ ಹಾಕು. ಗೆರೆ ಮುಟ್ಟುವವರೆಗೆ ಮನೆಗೆ ಬೆಂಕಿ ಬಿದ್ದರೂ ತಲೆ ಎತ್ತಬೇಡ.

ಕರೆಯುವವರ ವಿಷಯ. ಮಗ್ಗಗಳ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಭುಜ ಮುಟ್ಟಿದರೆ ಕೈ ಬೆಚ್ಚಿ ಸೂಜಿ ಬಟ್ಟೆ ಹರಿಯುತ್ತಿತ್ತು. ಹಾಗಾಗಿ ಯಾರಿಗೆ ಏನು ಬೇಕಿದ್ದರೂ, ಮೇಸ್ತ್ರಿಯೇ ಆಗಲಿ, ಮೇಜಿನ ಪಕ್ಕ ಬಂದು, ಬಟ್ಟೆಯ ಮೇಲೆ ನೆರಳು ಬೀಳದ ಹಾಗೆ ನಿಂತು, ನಾವು ತಲೆ ಎತ್ತುವವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಅದು ರಫೂ ಮೇಜಿನ ಕಾನೂನು. ನಿನ್ನಮ್ಮ ಶಾಲೆ ಬಿಟ್ಟು ನೇರ ಅಲ್ಲಿಗೇ ಬರುತ್ತಿದ್ದಳು. ಅಷ್ಟುದ್ದದ ಮಗು, ಅವಳಷ್ಟು ಚೆನ್ನಾಗಿ ನಿಲ್ಲುವವರು ಇಡೀ ಗಿರಣಿಯಲ್ಲಿ ಇರಲಿಲ್ಲ. "ಅಮ್ಮ, ಇವತ್ತಿಂದ ರಫೂ ಮೇಜಿನ ಕಾನೂನು" ಎಂದು ಹೇಳಿ ನೋಡು. ಬೇರೇನೂ ವಿವರಿಸಬೇಕಾಗಿಲ್ಲ.

ಅಜ್ಜಿ


ಜನವರಿ ೧೭

ಮಗಳೇ,

ಇದನ್ನು ಬೇರೆ ಲಕೋಟೆಯಲ್ಲಿ ಹಾಕಿದ್ದೇನೆ. ಓದಿದ ಮೇಲೆ ಹರಿದುಹಾಕು.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಮೂರು ಮಹಡಿ ಹತ್ತುವಾಗ ಎರಡು ಕಡೆ ಕೂರಬೇಕಾಗುತ್ತದೆ, ಎದೆಯನ್ನು ಯಾರೋ ಹಿಂಡಿದ ಹಾಗಾಗುತ್ತದೆ, ಎಡಗೈ ಜೋಮು ಹಿಡಿಯುತ್ತದೆ, ಮಗುವಿಗೆ ಮಾತ್ರ ಹೇಳಬೇಡ ಎಂದು ಬರೆದಿದ್ದೀಯ. ಓದಿ ನನಗೆ ಊಟ ಸೇರಲಿಲ್ಲ. ಆಮೇಲೆ ಯೋಚನೆ ಮಾಡಿದೆ. ನೀನು ಹೇಳುವುದು ಸರಿ. ಹೋದ ವರ್ಷ ಅವಳ ಅಪ್ಪ ಮಲಗಿದಾಗ ಏನಾಯಿತು? ಪುಸ್ತಕ ಮುಚ್ಚಿಟ್ಟು ಆಸ್ಪತ್ರೆಯ ಬೆಂಚಿನ ಮೇಲೆ ಎರಡು ತಿಂಗಳು ಕೂತಳು. ಅಪ್ಪನೂ ಉಳಿಯಲಿಲ್ಲ, ಪರೀಕ್ಷೆಯೂ ಉಳಿಯಲಿಲ್ಲ. ಈಗ ನಿನ್ನ ವಿಷಯ ಕಿವಿಗೆ ಬಿದ್ದರೆ ಆ ಹುಡುಗಿ ಮತ್ತೆ ಮೇಜಿನ ಮುಂದೆ ಕೂರುವುದುಂಟೇ?

ನಾನು ಹೇಳುವುದಿಲ್ಲ. ಹದಿನಾಲ್ಕಕ್ಕೆ ಪರೀಕ್ಷೆ, ಹದಿನೈದಕ್ಕೆ ಅವಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗು. ಅಲ್ಲಿಯವರೆಗೆ ತಡೆದುಕೋ. ಭಾರ ಎತ್ತಬೇಡ, ಮೆಟ್ಟಿಲು ದಿನಕ್ಕೆ ಒಂದೇ ಸಲ. ನಮ್ಮ ಮನೆತನದಲ್ಲಿ ಎದೆಯಿಂದ ಸತ್ತವರು ಯಾರೂ ಇಲ್ಲ, ಎಲ್ಲ ಬಾಯಿಂದ ಕೆಟ್ಟವರೇ. ನೀನು ಮೊದಲಿಂದಲೂ ತಡೆದುಕೊಳ್ಳುವವಳು.

ಅಮ್ಮ


ಫೆಬ್ರವರಿ ೨

ಅಜ್ಜಿ,

ನಿನ್ನ ಗುಟ್ಟಿಗೆ ದೊಡ್ಡ ನಮಸ್ಕಾರ! ಮೊದಲ ವಾರ ಗೋಡೆ ನೋಡಿ ನೋಡಿ ಗೋಡೆಯ ಬಿರುಕೆಲ್ಲ ಬಾಯಿಪಾಠವಾಯಿತು. ಎರಡನೆಯ ವಾರ ಬಿರುಕು ಮರೆತುಹೋಯಿತು. ಈಗ ದಿನಕ್ಕೆ ಐದು ಎಳೆ ಓದುತ್ತಿದ್ದೇನೆ. ಮಕ್ಕಳಿಗೆ ಎಷ್ಟು ತೂಕಕ್ಕೆ ಎಷ್ಟು ಔಷಧಿ ಎನ್ನುವ ಪಟ್ಟಿ ನನ್ನ ತಲೆಯಲ್ಲಿ ಸಾಲಾಗಿ ನಿಂತಿದೆ. ಹೋದ ವರ್ಷ ಅದೇ ಪಟ್ಟಿಯಲ್ಲಿ ಬಿದ್ದಿದ್ದೆ.

ಅಮ್ಮನಿಗೆ ಕಾನೂನು ಹೇಳಿದೆ. ಅವಳು ನಕ್ಕಿದ್ದು ನೋಡಬೇಕಿತ್ತು! ಅಪ್ಪ ಹೋದ ಮೇಲೆ ಅಷ್ಟು ನಕ್ಕಿದ್ದು ಅವತ್ತೇ. "ನಿಮ್ಮಜ್ಜಿ ಇನ್ನೂ ಬಿಟ್ಟಿಲ್ವಾ ಅದನ್ನ?" ಎಂದಳು. ಅವತ್ತಿನಿಂದ ಬಂದದ್ದೂ ಗೊತ್ತಾಗುವುದಿಲ್ಲ. ನಾನು ಗೆರೆ ಮುಟ್ಟಿ ತಲೆ ಎತ್ತಿದರೆ ಬಾಗಿಲಲ್ಲಿ ಲೋಟ ಹಿಡಿದು ನಿಂತಿರುತ್ತಾಳೆ. "ಎಷ್ಟೊತ್ತಾಯ್ತಮ್ಮ ಬಂದು?" ಎಂದರೆ "ಈಗ ಬಂದೆ" ಎನ್ನುತ್ತಾಳೆ. ಚಹಾ ಮಾತ್ರ ಆರಿರುತ್ತದೆ.

ಈಚೆಗೆ ಸ್ವಲ್ಪ ನಿಧಾನವಾಗಿದ್ದಾಳೆ. ಗೋಡೆ ಹಿಡಿದು ನಿಲ್ಲುತ್ತಾಳೆ. "ಯಾಕಮ್ಮ?" ಎಂದರೆ "ನಿಮ್ಮಜ್ಜಿ ಹಾಗೆ ಕಾಲು ನೋವು" ಎಂದಳು. ನಿನಗೂ ಹಾಗೆ ಆಗುತ್ತಿತ್ತಾ?

ನಿನ್ನ ಮೊಮ್ಮಗಳು


ಫೆಬ್ರವರಿ ೧೧

ಮೊಮ್ಮಗಳಿಗೆ,

ಐದು ಎಳೆ! ನನ್ನ ಮೊಮ್ಮಗಳು ಎಂದು ಈಗ ಹೇಳಿಕೊಳ್ಳಬಹುದು, ಇಷ್ಟು ದಿನ ಕೇಳಿದವರಿಗೆ ದೂರದ ನೆಂಟರ ಹುಡುಗಿ ಎನ್ನುತ್ತಿದ್ದೆ. ನಿನ್ನ ಕಾಗದವನ್ನು ನಿನ್ನ ಮಾವನ ಹತ್ತಿರ ಎರಡು ಸಲ ಓದಿಸಿದೆ. ನನಗೆ ಓದಲು ಬರುತ್ತದೆ, ಆದರೂ ಅವನ ಬಾಯಿಂದ ಕೇಳಬೇಕಿತ್ತು. ಅವನೂ ಒಂದು ಕಾಲದಲ್ಲಿ ಪರೀಕ್ಷೆ ಬರೆದವನೇ, ಪಾಪ, ಫಲ ನಮಗೆಲ್ಲ ಗೊತ್ತು.

ನಿನ್ನಮ್ಮ ಗೋಡೆ ಹಿಡಿಯುವುದಕ್ಕೆ ನೀನು ತಲೆ ಕೆಡಿಸಿಕೊಳ್ಳಬೇಡ. ನಮ್ಮ ಕಾಲುಗಳು ಹುಟ್ಟಿದಾಗಲೇ ಮುದಿಯಾಗಿದ್ದವು. ಬೇಕಿದ್ದರೆ ಬಾಗಿಲ ಹತ್ತಿರ ಒಂದು ಸ್ಟೂಲು ಇಡು, ಕೂತು ಕಾಯಲಿ. ಬೇರೆ ಏನಕ್ಕೂ ಅಲ್ಲ, ಸುಮ್ಮನೆ ಹೇಳಿದೆ. ನೀನು ಓದು. ಇನ್ನು ಎಷ್ಟು ದಿನ, ಒಂದು ತಿಂಗಳು. ಹದಿನೈದನೆಯ ತಾರೀಕು ಬೇಗ ಬಂದರೆ ಸಾಕು ಎನ್ನಿಸುತ್ತಿದೆ.

ಅಜ್ಜಿ


ಫೆಬ್ರವರಿ ೧೮

ಅಜ್ಜಿ,

ಸ್ಟೂಲು ಇಟ್ಟರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಅಮ್ಮನೂ ಬೇಡ ಎಂದಳು, "ಕೂತರೆ ನಿಂತ ಹಾಗಾಗಲ್ಲ" ಅಂತೆ, ಏನು ಲೆಕ್ಕವೋ. ಪರೀಕ್ಷೆ ಹದಿನಾಲ್ಕಕ್ಕೆ, ನೀನು ಹದಿನೈದು ಎಂದು ಬರೆದಿದ್ದೀಯ. ಇನ್ನು ಎಂಬತ್ತೆರಡು ಎಳೆ. ಇಷ್ಟೇ, ಓದಬೇಕು.


ಮಾರ್ಚ್ ೬

ಮೊಮ್ಮಗಳಿಗೆ,

ನಿನ್ನೆ ಸಂಜೆ ಊರಿಗೆ ಬಂದು ತಲುಪಿದೆ. ಬಸ್ಸಿನಲ್ಲಿ ನಿನ್ನ ಮಾವ ದಾರಿಯುದ್ದಕ್ಕೂ ಅತ್ತ. ಅವನನ್ನು ಸಮಾಧಾನ ಮಾಡಿ ಮಾಡಿ ನನ್ನ ಪಾಲಿನದು ಉಳಿದುಹೋಯಿತು.

ನಾನು ನಿನ್ನ ರೂಮಿನಲ್ಲಿ ಎಂಟು ದಿನ ಇದ್ದೆ. ಎಂಟು ದಿನದಲ್ಲಿ ನೀನು ನನ್ನ ಮುಖ ನೋಡಿದ್ದು ಒಂದು ಸಲ, ಅದೂ ಟವೆಲ್ ಎಲ್ಲಿದೆ ಎಂದು ಕೇಳಿದಾಗ. ದುಃಖದಲ್ಲಿ ಇದ್ದೀಯ ಎಂದು ಸುಮ್ಮನಿದ್ದೆ. ದುಃಖ ನನಗೂ ಇದೆ. ನಾನು ಹೆತ್ತವಳು ಅವಳು. ಆದರೆ ನೀನು ಹೇಳಿದ ಮಾತೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಬೆಳಗಿನ ಅಡುಗೆ ಮುಗಿಸಿ ಸ್ವಲ್ಪ ಒರಗಿದ್ದಳು, ನಿದ್ದೆಯಲ್ಲೇ ಹೋದಳು ಎಂದೆಯಲ್ಲ. ನೋವು ತಿಳಿಯದೆ ಹೋದಳು. ಅಷ್ಟನ್ನಾದರೂ ದೇವರು ಸರಿಯಾಗಿ ಮಾಡಿದ ಎಂದುಕೊಳ್ಳುತ್ತೇನೆ.

ಈಗ ನಾನು ಹೇಳುವುದನ್ನು ಕೇಳು. ಪರೀಕ್ಷೆಗೆ ಇನ್ನು ಎಂಟು ದಿನ. ಮೇಜನ್ನು ನೀನು ಮಡಿಚಿ ಮಂಚದ ಕೆಳಗೆ ತಳ್ಳಿದ್ದು ನೋಡಿದೆ. ತೆಗೆದು ಇಡು. ಅಳು ಬಂದರೆ ಅತ್ತುಕೊಂಡೇ ಓದು, ಅಕ್ಷರ ಒದ್ದೆಯಾದರೆ ಅಳಿಸಿಹೋಗುವುದಿಲ್ಲ. ಓದಿದ್ದು ತಲೆಯಲ್ಲಿದೆ, ಹೋಗಿ ಬರೆದು ಬಾ. ಅವಳಿಗೆ ಬೇಕಿದ್ದದ್ದು ಅದೊಂದೇ.

ಅಜ್ಜಿ


ಮಾರ್ಚ್ ೨೮

ಮೊಮ್ಮಗಳಿಗೆ,

ನೀನು ಪರೀಕ್ಷೆಗೆ ಹೋಗಲಿಲ್ಲವಂತೆ. ನಿನ್ನ ಮಾವ ಫೋನಿನಲ್ಲಿ ಕೇಳಿ ನನಗೆ ಹೇಳಿದ. ಅಂಗಡಿಗೂ ಹೋಗುತ್ತಿಲ್ಲವಂತೆ. ನನ್ನ ಎರಡು ಕಾಗದಕ್ಕೆ ಉತ್ತರವಿಲ್ಲ. ಒಂದರಲ್ಲಿ ಹತ್ತು ಸಾಲು ಇತ್ತು, ಓದುವುದಕ್ಕೆ ಅಂಥ ಕಷ್ಟವೇನೂ ಇರಲಿಲ್ಲ.

ಇಷ್ಟು ದಿನ ಮೆತ್ತಗೆ ಬರೆದೆ, ನನಗೆ ಅದು ಬರುವುದಿಲ್ಲ. ನಿನ್ನಮ್ಮ ಗಂಡನನ್ನು ಕಳೆದುಕೊಂಡು ವರ್ಷವೂ ತುಂಬಿರಲಿಲ್ಲ. ಆ ಬಿಸಿಲುಮಚ್ಚಿನ ರೂಮಿಗೆ ಬಂದು ಒಲೆಯ ಮುಂದೆ ನಿಂತದ್ದು ನೀನು ಮುಸುಕು ಹಾಕಿಕೊಂಡು ಮಲಗಲಿ ಎಂದೇ? ಎರಡು ತಿಂಗಳು ನಿನಗೆ ಲೋಟ ಹಿಡಿದು ನಿಂತವಳು ಅವಳು. ಅದನ್ನು ಮಣ್ಣುಪಾಲು ಮಾಡುತ್ತಿದ್ದೀಯ. ನಾನು ನಿನ್ನಮ್ಮನ ಅಪ್ಪನನ್ನು ಸುಟ್ಟು ಬಂದ ನಾಲ್ಕನೆಯ ದಿನ ರಫೂ ಮೇಜಿಗೆ ಕೂತಿದ್ದೆ. ಕಣ್ಣು ಕಾಣುತ್ತಿರಲಿಲ್ಲ, ಬೆರಳಿಗೆ ಗೊತ್ತಿತ್ತು. ಮನಸ್ಸನ್ನು ಬಿಟ್ಟರೆ ಅದು ಹಾಳು ಬಾವಿಗೇ ಹೋಗಿ ಬೀಳುತ್ತದೆ. ಏಳು. ಇನ್ನೊಂದು ಪರೀಕ್ಷೆ ಯಾವಾಗ ಎಂದು ಕೇಳಿಕೊಂಡು ಬಾ.

ಬೈದಿದ್ದೇನೆ ಎಂದು ಮುನಿಸಿಕೊಂಡರೂ ಪರವಾಗಿಲ್ಲ. ಉತ್ತರ ಬರೆ.

ಅಜ್ಜಿ


ಏಪ್ರಿಲ್ ೪

ಅಜ್ಜಿ,

ಉತ್ತರ ಬೇಕು ಎಂದೆಯಲ್ಲ, ಬರೆಯುತ್ತಿದ್ದೇನೆ. ಪೂರ್ತಿ ಓದು. ಮಾವನ ಹತ್ತಿರ ಓದಿಸಬೇಡ.

ಅಮ್ಮ ನಿದ್ದೆಯಲ್ಲಿ ಹೋಗಲಿಲ್ಲ.

ಬೆಳಿಗ್ಗೆ ಹತ್ತು ಗಂಟೆ ಇರಬಹುದು. ನಾನು ಎರಡನೆಯ ಎಳೆಯಲ್ಲಿದ್ದೆ. ಗೆರೆಗೆ ಇನ್ನೂ ಎರಡು ಹಾಳೆ ಇತ್ತು. ಅಮ್ಮ ಬಂದು ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಾಯಿತು. ಸದ್ದೇನೂ ಆಗಲಿಲ್ಲ, ಆದರೂ ಗೊತ್ತಾಯಿತು. ಇದನ್ನು ಯಾರಿಗೂ ಹೇಳಿಲ್ಲ. ಗೊತ್ತಿರಲಿಲ್ಲ ಎಂದು ನನಗೇ ನಾನು ಎಷ್ಟು ಸಲ ಹೇಳಿಕೊಂಡರೂ, ಗೊತ್ತಿತ್ತು. ಚಹಾ ತಂದಿದ್ದಾಳೆ, ಕಾಯಲಿ ಎಂದುಕೊಂಡೆ. ಉಸಿರು ಸ್ವಲ್ಪ ಜೋರಾಗಿ ಕೇಳಿಸಿತು. ಮೆಟ್ಟಿಲು ಹತ್ತಿ ಬಂದಿರಬೇಕು ಎಂದುಕೊಂಡೆ. ಆಮೇಲೆ ಅದೂ ಕೇಳಿಸಲಿಲ್ಲ, ನಾನು ಓದಿನಲ್ಲಿ ಇಳಿದುಹೋಗಿದ್ದೆ.

ಅವತ್ತು ನನ್ನ ಮನಸ್ಸು ಎಲ್ಲೂ ಹೋಗಲಿಲ್ಲ ಅಜ್ಜಿ. ಬಡಗಿಯ ಮಿಷನ್ನೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಹುಟ್ಟಿದ ಮೇಲೆ ಅಷ್ಟು ಚೆನ್ನಾಗಿ ನಾನು ಎಂದೂ ಓದಿರಲಿಲ್ಲ. ಆ ಎರಡು ಹಾಳೆ ಒಂದಕ್ಷರ ತಪ್ಪದೆ ಇವತ್ತಿಗೂ ಬರುತ್ತದೆ. ಬೇಡವೆಂದರೂ ಬರುತ್ತದೆ.

ತಲೆ ಎತ್ತಿ ನೋಡಿದರೆ ಅಮ್ಮ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಲೋಟ ಇರಲಿಲ್ಲ. ಒಂದು ಕೈ ಎದೆಯ ಮೇಲಿತ್ತು. ಕಣ್ಣು ನನ್ನ ಕಡೆಗಿತ್ತು. ನಾನು "ಏನಮ್ಮ, ಕೂತೇಬಿಟ್ಯಾ?" ಎಂದೆ. ನಕ್ಕು ಹೇಳಿದೆ ಅಜ್ಜಿ. ನಗುತ್ತಾ ಹೇಳಿದೆ.

ಬಡಗಿ ಎತ್ತಿಕೊಂಡು ಕೆಳಗಿಳಿಸಿದ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಬೆಡ್‌ಶೀಟು ಎಳೆದು, "ಯಾವಾಗ ಶುರುವಾಯ್ತು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಮನೆಗೆ ಬಂದ ಮೇಲೆ ಆ ಎರಡು ಹಾಳೆಯನ್ನು ಮತ್ತೆ ಓದಿ ಗಡಿಯಾರ ನೋಡಿದೆ. ಹದಿನಾಲ್ಕು ನಿಮಿಷ. ಆಸ್ಪತ್ರೆ ಆಟೋದಲ್ಲಿ ಆರು ನಿಮಿಷ.

ಅವಳು ಒಂದೇ ಒಂದು ಸಲ ಕೂಗಿದ್ದರೆ! ಯಾಕೆ ಕೂಗಲಿಲ್ಲ? ಎದೆ ಒಡೆಯುವಾಗಲೂ ಯಾರಾದರೂ ನಿಂತು ಕಾಯುತ್ತಾರಾ?

ಮೇಜು ತೆಗೆದು ಇಡು ಎಂದು ಬರೆದಿದ್ದೀಯ. ಮೇಜಿಗೆ ಕೂತರೆ ಪಕ್ಕದಲ್ಲೇ ಬಾಗಿಲು ಇರುತ್ತದೆ. ಒಂದು ಸಾಲು ಓದುವಷ್ಟರಲ್ಲಿ ಹತ್ತು ಸಲ ತಿರುಗಿ ನೋಡುತ್ತೇನೆ. ನಿನ್ನ ಉಪಾಯದಲ್ಲಿ ತಪ್ಪೇನೂ ಇಲ್ಲ, ಚೆನ್ನಾಗಿ ಕೆಲಸ ಮಾಡಿತು.


ಮೇ ೨

ಮೊಮ್ಮಗಳಿಗೆ,

ನಿನ್ನ ಕಾಗದ ಬಂದು ಇಪ್ಪತ್ತೈದು ದಿನವಾಯಿತು. ನಾಲ್ಕು ಸಲ ಬರೆದು ಹರಿದೆ. ಒಂದರಲ್ಲಿ ನಿನ್ನನ್ನು ಸಮಾಧಾನ ಮಾಡಿದ್ದೆ, ಓದಿದರೆ ನನಗೇ ಅಸಹ್ಯವಾಯಿತು. ಇನ್ನೊಂದರಲ್ಲಿ ದೇವರನ್ನು ಬೈದಿದ್ದೆ. ಆ ಮುದುಕನಿಗೆ ಇದರಲ್ಲಿ ಏನೂ ಕೆಲಸವಿರಲಿಲ್ಲ.

ಯಾಕೆ ಕೂಗಲಿಲ್ಲ ಎಂದು ಕೇಳಿದ್ದೀಯ. ಆ ಉತ್ತರ ನನ್ನ ಹತ್ತಿರ ಮಾತ್ರ ಇದೆ.

ಅವಳಿಗೆ ಆಗ ಏಳು ವರ್ಷ. ಗಿರಣಿಯ ಅಂಗಳದಲ್ಲಿ ತಂತಿ ತುಳಿದು ಪಾದ ಸೀಳಿಕೊಂಡಿದ್ದಳು. ನಾನು ಎಳೆಯ ಮಧ್ಯದಲ್ಲಿದ್ದೆ. ಬಂದು ತನ್ನ ಜಾಗದಲ್ಲಿ ನಿಂತಳು, ಬಟ್ಟೆಯ ಮೇಲೆ ನೆರಳು ಬೀಳದ ಹಾಗೆ. ಪಕ್ಕದ ಮೇಜಿನವಳು ರಕ್ತ ನೋಡಿ ಎದ್ದು ಬಂದಳಂತೆ, ಇವಳು ಬಾಯಿಗೆ ಬೆರಳಿಟ್ಟು "ಶ್ಶ್, ಎಳೆ ಮುಗಿದಿಲ್ಲ" ಎಂದಳಂತೆ. ನಾನು ತಲೆ ಎತ್ತಿ "ಏನೇ?" ಎಂದಾಗ, ನೀರು ಕೇಳುವ ಹಾಗೆ, "ಕಾಲು ಕುಯ್ತಮ್ಮ" ಎಂದಳು. ಬಗ್ಗಿ ನೋಡಿದರೆ ಅವಳ ಪಾದದ ಸುತ್ತ ಮಡುವಾಗಿತ್ತು.

ಎತ್ತಿಕೊಂಡು ಓಡಿದೆ ಎಂದುಕೊಂಡೆಯಾ? ಓಡಿದೆ, ಆಮೇಲೆ. ಮೊದಲು ಎದ್ದು ನಿಂತು ಇಡೀ ಸಾಲನ್ನು ಕೈಬೀಸಿ ಹತ್ತಿರ ಕರೆದು ಕೂಗಿ ಹೇಳಿದೆ, "ನೋಡ್ರೇ, ನೋಡ್ರೇ ನನ್ನ ಮಗಳನ್ನ! ಕಾಲು ಸೀಳಿದ್ರೂ ಕಮಕ್ ಕಿಮಕ್ ಅನ್ನಲಿಲ್ಲ!" ಎಲ್ಲರೂ ಬಂದು ಅವಳ ಕೆನ್ನೆ ಹಿಂಡಿದರು. ಅವಳ ಮುಖ ಅವತ್ತು ಹೇಗೆ ಬೆಳಗಿತ್ತು ಎಂದರೆ, ಕಾಲಿನ ನೋವು ಅವಳಿಗೆ ನೆನಪೇ ಇರಲಿಲ್ಲ. ನನ್ನ ನಾಲಿಗೆ ನಿನಗೆ ಗೊತ್ತಲ್ಲ, ಮಕ್ಕಳನ್ನು ಹೊಗಳುವುದು ನನಗೆ ಬರುವುದಿಲ್ಲ. ಅವಳ ಜೀವಮಾನದಲ್ಲಿ ನಾನು ಅವಳನ್ನು ಹೊಗಳಿದ್ದು ಅದೊಂದೇ ಸಲ. ಅದನ್ನು ಅವಳು ನಲವತ್ತು ವರ್ಷ ಕೆಡದ ಹಾಗೆ ಇಟ್ಟುಕೊಂಡಿದ್ದಳು.

ಇದು ಒಂದು. ಇನ್ನೊಂದಿದೆ, ಅದನ್ನು ಬರೆಯದೆ ಈ ಕಾಗದ ಹಾಕಿದರೆ ನಾನು ಮನುಷ್ಯಳಲ್ಲ.

ಅವಳಿಗೆ ಎದೆ ಸರಿಯಿಲ್ಲ ಎಂದು ನನಗೆ ಗೊತ್ತಿತ್ತು. ಜನವರಿಯಲ್ಲೇ ಬರೆದಿದ್ದಳು. ಮೆಟ್ಟಿಲು, ಎಡಗೈ, ಎಲ್ಲ. ನಿನಗೆ ಹೇಳಬೇಡ ಎಂದಿದ್ದಳು. ಅವಳು ಬೇಡ ಎಂದಳು ಎಂದು ನಾನು ತಪ್ಪಿಸಿಕೊಳ್ಳಲು ಬರುವುದಿಲ್ಲ, ಏಕೆಂದರೆ ಕೇಳಿದ ಕೂಡಲೇ ನಾನೂ ಒಪ್ಪಿದೆ. ನಿನ್ನ ಓದು ಕೆಡುತ್ತದೆ, ಪರೀಕ್ಷೆಯ ಮರುದಿನ ಡಾಕ್ಟರ ಹತ್ತಿರ ಹೋಗು, ಅಲ್ಲಿಯವರೆಗೆ ತಡೆದುಕೋ ಎಂದು ಇದೇ ಕೈಯಲ್ಲಿ ಬರೆದೆ. ಹದಿನೈದನೆಯ ತಾರೀಕು ಎಂದು ನಿನಗೆ ಬರೆದದ್ದು ತಪ್ಪಿ ಬರೆದದ್ದಲ್ಲ. ಗೋಡೆ ಹಿಡಿದು ನಿಲ್ಲುತ್ತಾಳೆ ಎಂದು ನೀನು ಬರೆದಾಗಲೇ ಅದು ಕಾಲು ನೋವಲ್ಲ ಎಂದು ನನಗೆ ಗೊತ್ತಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಮೂರು ಪದ ಬರೆಯುವ ಬದಲು ಸ್ಟೂಲು ಇಡು ಎಂದೆ.

ಆದ್ದರಿಂದ ಹದಿನಾಲ್ಕು ನಿಮಿಷವನ್ನು ಲೆಕ್ಕ ಹಾಕುತ್ತಾ ಕೂರಬೇಡ. ನನ್ನ ಹತ್ತಿರ ನಲವತ್ತೇಳು ದಿನ ಇದ್ದವು. ಗೊತ್ತಿದ್ದವಳು ನಾನು. ನಿಲ್ಲಲು ಕಲಿಸಿದವಳು ನಾನು. ತಲೆ ಎತ್ತಬೇಡ ಎಂದವಳು ನಾನು. ಇದರಲ್ಲಿ ನಿನ್ನ ಪಾಲು ಎಷ್ಟು ಎಂದು ಕೇಳಬೇಡ, ನಾನು ಕೊಡುವುದಿಲ್ಲ.

ಓದು ಎಂದೂ ಹೇಳುವುದಿಲ್ಲ, ಓದಬೇಡ ಎಂದೂ ಹೇಳುವುದಿಲ್ಲ. ನನ್ನ ಹತ್ತಿರ ಇನ್ನು ಯಾವ ಉಪಾಯವೂ ಇಲ್ಲ. ನೀನು ಒಪ್ಪಿದರೆ ಬಂದು ನಾಲ್ಕು ದಿನ ನಿನ್ನ ಜೊತೆ ಇರುತ್ತೇನೆ. ಒಪ್ಪದಿದ್ದರೆ ಅದೂ ಸರಿಯೇ.

ಅವಳ ಕಾಗದ ಎರಡು ನನ್ನ ಹತ್ತಿರ ಇದ್ದವು. ಜನವರಿಯದು, ಮತ್ತು ಹೋಗುವ ಒಂದು ವಾರ ಮೊದಲು ಹಾಕಿದ್ದು. ಎರಡನ್ನೂ ಇದರ ಜೊತೆ ಇಟ್ಟಿದ್ದೇನೆ. ಅವು ನಿನ್ನವು.

ಅಜ್ಜಿ


ಮೇ ೨೧

ಅಜ್ಜಿ,

ನಿನ್ನ ಕಾಗದ ಒಂದು ಸಲ ಓದಿದೆ. ಅಮ್ಮನವು ಎಷ್ಟು ಸಲ ಎಂದು ಗೊತ್ತಿಲ್ಲ.

ಎರಡನೆಯದರಲ್ಲಿ ನನ್ನ ಬಗ್ಗೆಯೇ ಇದೆ. ನಾನು ಓದುವಾಗ ತುಟಿ ಅಲ್ಲಾಡಿಸುತ್ತೇನಂತೆ. ನನಗೆ ಗೊತ್ತಿರಲಿಲ್ಲ. ಕಷ್ಟದ ಪದ ಬಂದಾಗ ಅಪ್ಪನ ಹಾಗೆ ಕಿವಿ ಹಿಂಡಿಕೊಳ್ಳುತ್ತೇನಂತೆ. "ಅವಳಿಗೆ ಗೊತ್ತಾಗದ ಹಾಗೆ ನಿಂತು ನೋಡ್ತಾ ಇರ್ತೀನಿ ಅಮ್ಮ, ಚಹಾ ಒಂದು ನೆಪ" ಎಂದು ಬರೆದಿದ್ದಾಳೆ.

ನೀನು ನನಗೆ ಹೇಳಬೇಕಿತ್ತು. ಪರೀಕ್ಷೆ ವರ್ಷಕ್ಕೆ ಎರಡು ಸಲ ಬರುತ್ತದೆ ಅಜ್ಜಿ. ನಿಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲವಾ? ನೀವು ಯಾರೂ ನನ್ನನ್ನು ಕೇಳಲೇ ಇಲ್ಲ. ಕೇಳಿದ್ದರೆ ಆ ಕ್ಷಣವೇ ಹೇಳುತ್ತಿದ್ದೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ದಿನ ಪ್ರಯತ್ನ ಮಾಡಿದೆ, ಆಗಲಿಲ್ಲ. ನನ್ನ ಪಾಲು ಕೊಡುವುದಿಲ್ಲ ಎಂದಿದ್ದೀಯ. ಅದು ನಿನ್ನ ಹತ್ತಿರ ಇಲ್ಲ, ನನ್ನ ಹತ್ತಿರವೇ ಇದೆ, ಕೊಡುವ ಬಿಡುವ ಮಾತೇ ಬರುವುದಿಲ್ಲ. ಹಾಗಂತ ಈ ವಿಷಯ ಮಾತಾಡಲು ನನಗೆ ಲೋಕದಲ್ಲಿ ಇರುವವಳೂ ನೀನೊಬ್ಬಳೇ.

ಬಾ. ಬಂದ ಮೇಲೆ ನನ್ನನ್ನು ಮಾತಾಡಿಸಬೇಡ, ನಾನೇ ಮಾತಾಡುವವರೆಗೆ. ಊಟ ಮಾಡು ಎನ್ನಬೇಡ. ಮಂಚ ಒಂದೇ ಇರುವುದು. ಗೋಡೆಯ ಕಡೆ ಅಮ್ಮ ಮಲಗುತ್ತಿದ್ದಳು, ಅಲ್ಲಿ ನೀನು ಮಲಗು. ಆ ಜಾಗವನ್ನು ಖಾಲಿ ನೋಡಲು ನನಗೆ ಆಗುತ್ತಿಲ್ಲ.


ಮೇ ೨೭

ಮೊಮ್ಮಗಳಿಗೆ,

ಗುರುವಾರ ಬೆಳಗಿನ ಮೊದಲ ಬಸ್ಸಿಗೆ ನಿನ್ನ ಮಾವ ಹತ್ತಿಸುತ್ತಾನೆ. ನಿಲ್ದಾಣಕ್ಕೆ ಬರಬೇಡ, ವಿಳಾಸದ ಚೀಟಿ ಇದೆ, ಕೇಳಿಕೊಂಡು ಬರುತ್ತೇನೆ. ಮಾತಾಡಿಸುವುದಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಗೊರಕೆ ಹೊಡೆಯುತ್ತೇನೆ, ಸಣ್ಣದಲ್ಲ. ನಿನ್ನಮ್ಮ ಮದುವೆಗೆ ಮೊದಲು ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು. ಎಲ್ಲದಕ್ಕೂ ಬಾಯಿ ಮುಚ್ಚಿಕೊಂಡು ಇರುತ್ತಿದ್ದವಳು, ಅದಕ್ಕೆ ಮಾತ್ರ ಸುಮ್ಮನಿರುತ್ತಿರಲಿಲ್ಲ. ಕಾಲಲ್ಲಿ ಒದೆಯುತ್ತಿದ್ದಳು.

ನೀನೂ ಒದೆ. ಜೋರಾಗಿಯೇ ಒದೆ.

ಅಜ್ಜಿ